ಅವ್ವನಿಗೆ ಕುಡಿಸಿದ ನೀರು

ಅವ್ವಾ,

ಬೆಟಗೇರಿಯಿಂದ ನಿನ್ನ ಜಗಳಗಂಟಿ ಮಗಳು ಬರೆಯುತ್ತಿದ್ದೇನೆ. ಓದಿ ಬೈಯಬೇಕೆನಿಸಿದರೆ ಬೈ, ತಕರಾರಿಲ್ಲ.

ಸ್ಕ್ಯಾನ್ ಕೋಣೆಯ ಹೊರಗೆ ನೀನು ಕುಳಿತಿದ್ದ ದಿನ ನೆನಪಿದೆಯಾ? ಲಿಂಫೋಮಾ ಎಂಬ ಆ ಹಾಳು ಕ್ಯಾನ್ಸರ್ ಕರುಳಿಗೂ ಇಳಿದು, ಬೆಳಗಿನಿಂದ ರಕ್ತ ಹೋಗುತ್ತಿತ್ತು. ಬಾಯಿಂದ ಕ್ಯಾಮೆರಾ ಇಳಿಸಿ ನೋಡಿದವರಿಗೆ ರಕ್ತ ಸೋರುವ ಜಾಗ ಸಿಕ್ಕಿರಲಿಲ್ಲ. ಹೊಟ್ಟೆಯ ಸ್ಕ್ಯಾನ್ ಎಂದರೆ ಮೊದಲು ಔಷಧ ಕಲಸಿದ ಒಂದು ಲೀಟರ್ ನೀರು ಕುಡಿಸುವುದು ನಮ್ಮ ಆಸ್ಪತ್ರೆಯ ರೂಢಿ. ಮಷೀನು ನಡೆಸುವವಳು ನಾನೇ, ಕುಡಿಸಿದವಳೂ ನಾನೇ. "ಸಾಕವಾ, ಒಲ್ಲೆ" ಅಂದೆ ನೀನು. "ಇನ್ನ ಸ್ವಲ್ಪ ಐತಿ ಯವ್ವಾ, ಕುಡಿ" ಅಂದೆ ನಾನು. ಮಗಳು ಕೊಟ್ಟದ್ದೆಂದು ಕಣ್ಣು ಮುಚ್ಚಿ ಮುಗಿಸಿದೆ.

ಆ ನೀರೇ ಮೋಸ ಮಾಡಿತು. ರಕ್ತನಾಳಕ್ಕೆ ಚುಚ್ಚಿದ ಔಷಧ ಕರುಳಿನೊಳಗೆ ಸೋರುವ ಕಡೆ ಚಿತ್ರದಲ್ಲಿ ಬೆಳ್ಳಗೆ ಕಾಣಬೇಕು. ಕುಡಿದ ನೀರಿನಿಂದ ನಿನ್ನ ಕರುಳೆಲ್ಲ ಮೊದಲೇ ಬೆಳ್ಳಗಾಗಿತ್ತು. ಹೇಗೆ ಗೊತ್ತಾಗಬೇಕು? ಇನ್ನೊಮ್ಮೆ ತೆಗೆಯೋಣ ಎನ್ನುವಷ್ಟರಲ್ಲಿ ನೀನು... ಕುಡಿಸದಿದ್ದರೆ ಉಳಿಯುತ್ತಿದ್ದೆಯಾ? ಯಾರಿಗೆ ಗೊತ್ತು. "ಹಣೇಬರಾ" ಅಂದರು ಮಂದಿ. ನಾನು ಒಪ್ಪಲಿಲ್ಲ. ಪುಸ್ತಕ ತೆಗೆದು ಓದಿದೆ, ಸ್ಕ್ಯಾನ್ ನೋಡುವ ದೊಡ್ಡ ಡಾಕ್ಟರರ ಬೆನ್ನು ಬಿದ್ದು ಕೇಳಿ ತಿಳಿದುಕೊಂಡೆ.

ಹೋದ ವಾರ ಬೆಳ್ಳಟ್ಟಿಯ ರೈತರೊಬ್ಬರು ಬಂದರು. ನಿನ್ನದೇ ಕಾಯಿಲೆ, ಹಾಗೇ ರಕ್ತ. ಹೊಸ ಡಾಕ್ಟರು ನೀರು ಕುಡಿಸಲು ಹೇಳಿದರು. ನಾನು ಬಾಟಲಿಯನ್ನು ಬೇಸಿನ್‌ಗೆ ಸುರಿದೆ.

"ಕುಡಿಸೂದಿಲ್ರಿ. ರಕ್ತ ಸೋರೂ ಜಾಗಾ ಮುಚ್ಚಿ ಹೋಗತೈತಿ."

"ನೀವೇನು ಡಾಕ್ಟರೇನ್ರಿ?"

"ಅಲ್ರಿ. ನಮ್ಮವ್ವಗ ಇದನ್ನ ಕುಡಿಸಿದಾಕಿ."

ಅವರು ದೊಡ್ಡ ಡಾಕ್ಟರಿಗೆ ಫೋನು ಹಚ್ಚಿದರು. "ಖರೆ ಐತಿ, ಅವರು ಹೇಳಿದಂಗ ಮಾಡ್ರಿ" ಎಂದು ಉತ್ತರ ಬಂತು.

ಸಣ್ಣ ಕರುಳಿನಲ್ಲಿ ಜೋಳದ ಕಾಳಿನಷ್ಟು ಬಿಳಿ ಚುಕ್ಕೆ ಕಂಡಿತು. ತುಸು ಹೊತ್ತು ಬಿಟ್ಟು ತೆಗೆದ ಚಿತ್ರದಲ್ಲಿ ಅದು ಹರಡಿತ್ತು. ರಕ್ತ ಸೋರುತ್ತಿದ್ದದ್ದು ಅಲ್ಲೇ. ಅಂದೇ ಆಪರೇಷನ್ ಆಯಿತು. ನಿನ್ನೆ ಅವರು ಎದ್ದು ಕೂತು, ಗಂಜಿಗೆ ಉಪ್ಪು ಸಾಲದೆಂದು ಹೆಂಡತಿಗೆ ಗದರುತ್ತಿದ್ದರು. ಬಾಗಿಲ ಹೊರಗೆ ನಿಂತು ಅತ್ತುಬಿಟ್ಟೆ.

ಇನ್ನು ರಕ್ತ ಹೋಗುತ್ತಿರುವ ಯಾರಿಗೂ ನನ್ನ ಕೋಣೆಯಲ್ಲಿ ಆ ನೀರು ಕುಡಿಸಲು ಬಿಡುವುದಿಲ್ಲ, ನೌಕರಿ ಹೋದರೂ ಸರಿ. ನಿನ್ನ ಕ್ಷಮೆ ಮಾತ್ರ ಕೇಳಲಾರೆ, ಅವ್ವಾ. ಕೇಳಿದರೆ ಆ ಕ್ಷಣವೇ ಕೊಟ್ಟುಬಿಡುತ್ತೀ. ಆಮೇಲೆ ನಾನು ಜಗಳ ಆಡುವುದನ್ನೇ ಬಿಟ್ಟುಬಿಟ್ಟರೆ?