ಮುರಿಯಲೆಂದೇ ತಿರುಗಿಸಿದ ಶಾಫ್ಟು

ಅಕ್ಕಿಆಲೂರು
ಆಗಸ್ಟ್ ೧೪, ಬುಧವಾರ

ಹಿರೇಬೆಂಡಿಗೇರಿಯ ಅತ್ತೆ ಶಂಕ್ರವ್ವನವರಿಗೆ ಸೊಸೆ ರಾಜಶ್ರೀಯ ನಮಸ್ಕಾರ.

ತವರಿಗೆ ಬಂದ ಮೇಲೆ ಎಷ್ಟು ಸಲ ಫೋನ್ ಮಾಡಿದರೂ ನೀವು ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೈದುನ ರಾಜಕುಮಾರನ ಕೈಲಿ ಓದಿಸಿ ಕೇಳಿರಿ, ಅರ್ಧಕ್ಕೆ ನಿಲ್ಲಿಸಬೇಡಿರಿ.

ನಿಮ್ಮ ಮಗನನ್ನು ಮಣ್ಣು ಮಾಡಿದ ದಿನ ಎಲ್ಲರೆದುರು, "ನೀ ಮಾಡಿದ ಸಾಮಾನ ನನ್ನ ದುರ್ಗೇಶನ್ನ ತಿಂತು" ಅಂದಿರಿ. ಶಾಫ್ಟು ನಾನೇ ಮಾಡಿದ್ದು, ಸುಳ್ಳಲ್ಲ. ಹೆಲಿಕಾಪ್ಟರಿನ ಬಾಲದ ಪಂಖ ತಿರುಗಿಸುವ ಉದ್ದನೆಯ ಕೊಳವೆ ಅದು. ಕಬ್ಬಿಣ ಭಾರವೆಂದು, ನಮ್ಮ ಕಾರ್ಖಾನೆಯಲ್ಲಿ ಕಾರ್ಬನ್ ಎಳೆಯ ಬಟ್ಟೆಯನ್ನು ಅಂಟಿನಲ್ಲಿ ಪದರ ಪದರವಾಗಿ ಸುತ್ತಿ ಬಿಸಿಯಲ್ಲಿ ಗಟ್ಟಿ ಮಾಡುತ್ತೇವೆ. ಸುತ್ತುವುದು ನನ್ನ ಕೆಲಸ. ಮಶೀನಿಗೆ ಹಾಕಿ ತಿರುಗಿಸಿ ಪರೀಕ್ಷೆ ಮಾಡುವುದು ಇವರದು.

ಇವರು ಹೋದ ದಿನ ಇದ್ದದ್ದು ಮುರಿಯುವವರೆಗೂ ತಿರುಗಿಸುವ ಪರೀಕ್ಷೆ. ಎಷ್ಟು ವೇಗ ತಾಳುತ್ತದೆಂದು ತಿಳಿಯಲು ಒಂದನ್ನು ಬೇಕೆಂದೇ ಮುರಿಯುತ್ತಾರೆ. ಚೂರು ಸಿಡಿಯದಂತೆ ಮೇಲೆ ದಪ್ಪ ಉಕ್ಕಿನ ಮುಚ್ಚಳ ಇರಬೇಕು. ಶಾಫ್ಟು ಕೊಳ್ಳುವ ಕಂಪನಿಯಿಂದ ನೋಡಲು ಬಂದವರಿಗೆ ವಿಡಿಯೋ ಬೇಕಾಗಿತ್ತು. ಮ್ಯಾನೇಜರ್ ಶಂಭುಲಿಂಗ ಮುಚ್ಚಳ ತೆಗೆಸಿದರು.

"ಬ್ಯಾಡ್ರಿ ಸರ್, ಮುಚ್ಚಳ ಇಲ್ಲದ ನಾ ಚಾಲೂ ಮಾಡಂಗಿಲ್ಲ" ಅಂದರು ಇವರು.

"ಅರ್ಧ ವೇಗಕ್ಕ ಬಂದ್ ಮಾಡೂಣು. ಒಲ್ಲೆ ಅಂದ್ರ ನಾಳಿಂದ ಗೇಟಿನ ಒಳಗ ಬರಬ್ಯಾಡ" ಅಂದರು ಶಂಭುಲಿಂಗ.

ಬಂದವರೆಲ್ಲ ಗಾಜಿನ ಈಚೆ, ನನ್ನ ಪಕ್ಕದಲ್ಲೇ ನಿಂತಿದ್ದರು. ಮಶೀನಿನ ಹತ್ತಿರ ಇವರೊಬ್ಬರೇ. ನನ್ನ ಕಡೆ ಒಮ್ಮೆ ನೋಡಿ ಸ್ವಿಚ್ ಒತ್ತಿದರು. ವೇಗ ಅರ್ಧ ದಾಟಿದರೂ ಶಂಭುಲಿಂಗ ನಿಲ್ಲಿಸೆಂದು ಕೈ ಎತ್ತಲಿಲ್ಲ. ಬಂದವರು ಇನ್ನೂ, ಇನ್ನೂ ಅನ್ನುತ್ತಿದ್ದರು. ಆಮೇಲೆ ಆದ ಸದ್ದು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

ಈಗ ಶಂಭುಲಿಂಗ ಹೇಳುವ ಪ್ರಕಾರ, ಮುಚ್ಚಳ ತೆಗೆದವನು ದುರ್ಗೇಶನೇ ಎಂದು ನಾನು ಹೇಳಿದರೆ ನನ್ನ ಕೆಲಸ ಉಳಿಯುತ್ತದಂತೆ. ಹೇಳದಿದ್ದರೆ, ನಾನು ಸುತ್ತಿದ್ದರಲ್ಲೇ ದೋಷವಿತ್ತೆಂದು ಬರೆಯುತ್ತಾರಂತೆ. ನಿನ್ನೆ ಠಾಣೆಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಹೇಳಿ ಬಂದೆ. ಅವತ್ತು ಗಾಜಿನ ಈಚೆ ನಿಂತಿದ್ದವರಲ್ಲಿ ಒಬ್ಬರೂ ನನ್ನ ಜೊತೆ ಬರಲಿಲ್ಲ.

ನಾಳೆ ಪೇಪರಿನಲ್ಲಿ ತಪ್ಪು ನನ್ನದೆಂದು ಬಂದರೆ ನಂಬಬೇಡಿರಿ. ನನ್ನ ಮೇಲಿನ ಸಿಟ್ಟಿಗೆ ಅದನ್ನು ನಂಬಿದರೂ ನಂಬಿರಿ, ನಿಮ್ಮ ಮಗ ತಪ್ಪು ಮಾಡಿದನೆಂದು ಮಾತ್ರ ಯಾರು ಹೇಳಿದರೂ ನಂಬಬೇಡಿರಿ.

ನಿಮ್ಮ ಮನೆಯ ಸೊಸೆ,
ರಾಜಶ್ರೀ

ತಾ.ಕ.: ಅವತ್ತು ಸಂಜೆಯವರೆಗೂ ನಿಮಗೇಕೆ ತಿಳಿಸಲಿಲ್ಲವೆಂದು ರಾಜಕುಮಾರನ ಹತ್ತಿರ ಅತ್ತಿರಂತೆ. ಆಸ್ಪತ್ರೆಯ ದಾರಿಯಲ್ಲಿ ಇವರಿಗೆ ಎಚ್ಚರವಿತ್ತು. ಕುತ್ತಿಗೆಗೆ ನನ್ನ ಏಪ್ರನ್ ಒತ್ತಿ ಹಿಡಿದಿದ್ದೆ. "ಅವ್ವಗ ಈಗ ಹೇಳಬ್ಯಾಡ, ಹೆದರ್ತಾಳ. ಪಟ್ಟಿ ಕಟ್ಟಿಸ್ಕೊಂಡು ನಾನ ಫೋನ್ ಮಾಡ್ತೇನಿ" ಅಂದರು. ನಾನು ಹೂಂ ಅಂದೆ.