ಹತ್ತದ ಮೂರು ಸೋಮವಾರ

ಅಣೆಕಟ್ಟೆಯ ಕಾವಲು ಕೋಣೆ
೧೪ನೇ ತಾರೀಖು, ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಒಂಬತ್ತು ದಿನದಿಂದ ನಲ್ಲಿಯಲ್ಲಿ ನೀರಿಲ್ಲದೆ ಬಿಂದಿಗೆ ಹೊತ್ತು ಮೂರು ಮಹಡಿ ಹತ್ತುತ್ತಿದ್ದೀಯಲ್ಲ, ಭಾವನಿಗೂ ಒಂದೆರಡು ಹೊರಿಸು. ಆ ಕೈ ಇರುವುದು ಮೀಸೆ ತಿರುವುವುದಕ್ಕೆ ಮಾತ್ರವಲ್ಲ. ಟ್ಯಾಂಕರ್ ಮುಂದಿನ ಸಾಲಿನಲ್ಲಿ ಹೆಂಗಸರು ನಮ್ಮ ಇಲಾಖೆಗೆ ಹಿಡಿಶಾಪ ಹಾಕಿದರೆ ನೀನು, "ನನ್ನ ತಮ್ಮ ಅಲ್ಲೇ ಇದಾನೆ, ಗುಡ್ಡ ಜಾರಿದ್ರೆ ಅವನೇನ್ ಮಾಡ್ತಾನೆ?" ಎಂದು ಜಗಳಕ್ಕೇ ನಿಂತೆಯಂತೆ. ನಿನ್ನ ಕಾಗದದಲ್ಲಿ ಅದನ್ನು ಓದಿ ನಾಚಿಕೆಯಿಂದ ಸತ್ತುಹೋದೆ.

ಇಲ್ಲಿ ನದಿಯ ಎಡಗಡೆಯ ಗುಡ್ಡಕ್ಕೊಂದು, ಬಲಗಡೆಯದಕ್ಕೊಂದು ಬಿರುಕಿದೆ. ಬಿರುಕಿನ ಆಚೀಚೆ ಗೂಟ ನೆಟ್ಟಿದ್ದಾರೆ. ಪ್ರತಿ ಸೋಮವಾರ ಹತ್ತಿ, ಗೂಟದಿಂದ ಗೂಟಕ್ಕೆ ಟೇಪು ಹಿಡಿದು, ಅಳತೆಯನ್ನು ಪುಸ್ತಕದಲ್ಲಿ ಬರೆಯಬೇಕು. ಹೆಚ್ಚಿದರೆ ಕೆಳಗಿನ ಕಚೇರಿಗೆ ಫೋನ್ ಮಾಡಬೇಕು. ನನಗೆ ಸಂಬಳ ಕೊಡುವುದೇ ಇದಕ್ಕೆ. ಎರಡು ವರ್ಷ ಅಳತೆ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಮಳೆ ಹಿಡಿಯಿತು, ದಾರಿ ಜಾರುತ್ತಿತ್ತು, ಮಂಡಿ ನೋಯುತ್ತಿತ್ತು. ನೆಪ ಬೇಕೆಂದರೆ ಇನ್ನೂ ಹತ್ತು ಹೇಳಬಲ್ಲೆ. ಮೂರು ಸೋಮವಾರ ನಾನು ಹತ್ತಲೇ ಇಲ್ಲ ಅಕ್ಕಾ. ಸ್ಟವ್ ಪಕ್ಕ ಚಹಾ ಕುಡಿಯುತ್ತಾ ಹಳೆಯ ಅಂಕಿಗಳನ್ನೇ ಬರೆದೆ. ಆಮೇಲಿನ ಶುಕ್ರವಾರ ಎಡಗಡೆಯ ಗುಡ್ಡ ಕುಸಿದು ನದಿಗಿಳಿಯಿತು. ನಿಮ್ಮ ನಗರಕ್ಕೆ ನೀರು ಒಯ್ಯುವ ಕಾಲುವೆಯ ಬಾಯಿಗೆಲ್ಲ ಮಣ್ಣು ತುಂಬಿತು.

ಇಂಜಿನಿಯರ್ ಬಂದು ಪುಸ್ತಕ ತಿರುವಿ, "ಮುನ್ಸೂಚನೆಯೇ ಇರಲಿಲ್ಲ, ಪಾಪ, ಇವರೇನು ಮಾಡ್ತಾರೆ?" ಎಂದು ನನ್ನ ಬೆನ್ನು ತಟ್ಟಿದರು. ಬಲಗಡೆಯದು ಗಟ್ಟಿಯಾಗಿದೆ ಎಂದೂ ಆ ಪುಸ್ತಕ ನೋಡಿಯೇ ತೀರ್ಮಾನಿಸಿದರು. ಅಕ್ಷರ ಮುತ್ತಿನಂತಿದೆ ಎಂದು ಬೇರೆ ಹೊಗಳಿದರು. ನೀನು ಕೈ ಹಿಡಿದು ತಿದ್ದಿಸಿದ ಅಕ್ಷರ ಅದು.

ಭಾವನಿಗೆ ನಮಸ್ಕಾರ. ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು.

ನಿನ್ನ
ಪುಟ್ಟ

ತಾ.ಕ.: ಕಾಗದ ಮಡಿಸಿದ ಮೇಲೆ ಮನಸ್ಸು ತಡೆಯದೆ ಬಲಗಡೆಯ ಗುಡ್ಡ ಹತ್ತಿ ಬಂದೆ. ಪುಸ್ತಕದಲ್ಲಿ ಮೂವತ್ತಾರು ಇಂಚು, ಟೇಪಿನಲ್ಲಿ ನಲವತ್ತೊಂದು. ನನ್ನ ಅಂಕಿ ನಂಬಿ ನಾಳೆ ಇಪ್ಪತ್ತು ಜನ ಅದರ ಬುಡದಲ್ಲೇ ಮಣ್ಣೆತ್ತಲು ಇಳಿಯುವವರಿದ್ದರು. ಇಂಜಿನಿಯರಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಕೆಲಸ ನಿಲ್ಲಿಸಿದ್ದಾರೆ, ನನ್ನನ್ನೂ ಕೆಳಗೆ ಬಾ ಎಂದಿದ್ದಾರೆ. ನಲ್ಲಿಗೆ ನೀರು ಬರಲು ಇನ್ನೂ ಹದಿನೈದು ದಿನವಾದರೂ ಬೇಕು, ಅಲ್ಲಿಯವರೆಗೆ ನಿನ್ನ ಬಿಂದಿಗೆ ತಪ್ಪುವುದಿಲ್ಲ. ಸಾಲಿನಲ್ಲಿ ಇನ್ನು ನನ್ನ ಪರ ಜಗಳವಾಡಬೇಡ ಅಕ್ಕಾ. ಅವರು ಬೈಯುತ್ತಿರುವುದು ನನ್ನನ್ನೇ.