ಎರಡನೇ ಸೌಟು ಸಾರು

ಅತ್ತೆ,

ಬಾಗಲಗುಂಟೆಯ ನಮ್ಮ ಶಾಲೆಯಲ್ಲಿ ಮಳೆನೀರು ಹಿಡಿಯಲು ಕೊಳವೆ, ತೊಟ್ಟಿ ಹಾಕಿಸಿದೆವು. ಮೊನ್ನೆ ಮೊದಲ ಮಳೆಗೇ ಎಲ್ಲರಿಗೂ ತುಂಬಿಸುವ ಆತುರ. ನಾನು ಬಿಡಲಿಲ್ಲ. ನಿಮ್ಮ ಹಾಗೆಯೇ, ತಾರಸಿಯ ಧೂಳು ತೊಳೆದುಹೋಗುವವರೆಗೆ ನೀರನ್ನು ಹೊರಗೆ ಹರಿಯಬಿಟ್ಟೆ. ಜಗಮೊಂಡಿ ಎಂದರು, ಎನ್ನಲಿ.

ಇವತ್ತು, ಆಮೇಲೆ ತೊಟ್ಟಿಗೆ ತುಂಬಿಸಿದ ನೀರಿನಲ್ಲೇ ಬಿಸಿಯೂಟದ ಬೇಳೆ ಬೆಂದಿತು. ಅಡುಗೆಯ ಪುಟ್ಟಗೌರಮ್ಮ ಸೌಟು ಹಿಡಿದುಕೊಂಡೇ ಓಡಿಬಂದರು.

"ಮೇಡಂ, ಬೋರ್‌ವೆಲ್ ನೀರಲ್ಲಿ ಎಷ್ಟ್ ಕುದಿಸಿದ್ರೂ ಗಟ್ಟಿಯಾಗೇ ಇರ್ತಿತ್ತು. ಇವತ್ತು ಬೆಣ್ಣೆ ಥರ ಬೆಂದಿದೆ! ಯಾರು ಹೇಳ್ಕೊಟ್ರು?"

"ನಮ್ಮತ್ತೆ. ಜಾಲಹಳ್ಳಿ ಕ್ವಾರ್ಟರ್ಸಲ್ಲಿ ಕೊಳಗ ಇಟ್ಟು ಮಳೆನೀರು ಹಿಡಿದು, ಅದ್ರಲ್ಲೇ ಸಾರು ಮಾಡ್ತಿದ್ರು."

ನೀವಿದ್ದಾಗ ನಾನು ಸುಮ್ಮನೆ ಉಂಡು ಏಳುತ್ತಿದ್ದೆ. ಇವತ್ತು ಮಕ್ಕಳ ಪಂಕ್ತಿಯಲ್ಲಿ ಕೂತು, ಎರಡನೇ ಸಲ ಕೇಳಿ ಹಾಕಿಸಿಕೊಂಡೆ, ಅತ್ತೆ.